ಕುರಿಯ ಹೊಟ್ಟೆಯೂ ಕಳೆನಾಶಕದ ಬಾಟಲಿಯೂ

ಜೀವಿಗಳಲ್ಲಿ ರಂಜಕವು ಯಾವಾಗಲೂ ಆಮ್ಲಜನಕದ ಮೂಲಕವೇ ಇಂಗಾಲಕ್ಕೆ ಸೇರಿರುತ್ತದೆ ಎಂದು ನಾನು ಅನೇಕ ವರ್ಷ ತರಗತಿಯಲ್ಲಿ ಹೇಳಿದ್ದುಂಟು. ಡಿ.ಎನ್.ಎ., ಎ.ಟಿ.ಪಿ., ಕೋಶಪೊರೆಯ ಕೊಬ್ಬು, ಹೀಗೆ ಕೊಟ್ಟ ಉದಾಹರಣೆಗಳೆಲ್ಲ ಸರಿಯಾಗಿಯೇ ಇದ್ದವು. ‘ಯಾವಾಗಲೂ’ ಎಂಬ ಮಾತೊಂದು ತಪ್ಪಾಗಿತ್ತು. ನನ್ನ ವಿದ್ಯಾರ್ಥಿಗಳು ಅದನ್ನು ಇಂದಾದರೂ ತಿದ್ದಿಕೊಳ್ಳಬೇಕೆಂದು ಈ ಬರಹ.

1959ರಲ್ಲಿ ಜಪಾನಿನ ವಿಜ್ಞಾನಿಗಳಾದ ಹೊರಿಗುಚಿ ಮತ್ತು ಕಂದತ್ಸು, ಕುರಿಯ ಹೊಟ್ಟೆಯ ಮೊದಲ ಚೀಲದಲ್ಲಿ ವಾಸಿಸುವ ಏಕಕೋಶ ಜೀವಿಗಳಲ್ಲಿ ಅಮೈನೋಈಥೈಲ್ ಫಾಸ್ಫಾನಿಕ್ ಆಮ್ಲವೆಂಬ ಅಣುವನ್ನು ಕಂಡರು. ಅದರಲ್ಲಿ ರಂಜಕವು ಯಾರ ಮಧ್ಯಸ್ಥಿಕೆಯೂ ಇಲ್ಲದೆ ನೇರವಾಗಿ ಇಂಗಾಲದ ಕೈ ಹಿಡಿದಿದೆ. ಇಂತಹ ಅಣುಗಳಿಗೆ ಫಾಸ್ಫೊನೇಟ್‌ಗಳೆಂದು ಹೆಸರು. ಗುರುಗುಂಟಾದ ಹೊಲಗಳಲ್ಲಿ ಮಲಗಿ ಮೆಲುಕು ಹಾಕುವ ಕುರಿಹಿಂಡನ್ನು ನಿತ್ಯ ನೋಡುತ್ತಿದ್ದ ನಾನು, ಪಾಠದ ಉದಾಹರಣೆಯನ್ನು ಮಾತ್ರ ಪುಸ್ತಕದಲ್ಲೇ ಹುಡುಕುತ್ತಿದ್ದೆ!

ಈ ಅಣುವಿನಿಂದ ಆ ಜೀವಿಗೇನು ಲಾಭ? ಸಾಮಾನ್ಯ ಫಾಸ್ಫೇಟ್ ಬಂಧವನ್ನು ಕತ್ತರಿಸುವ ಕಿಣ್ವಗಳು ಈ ನೇರ ಬಂಧವನ್ನು ಕತ್ತರಿಸಲಾರವು. ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯು ಹೊರಜಗತ್ತಿಗೆ ಚಾಚಿದ ತನ್ನ ಸೂಕ್ಷ್ಮ ರೋಮಗಳ ಪೊರೆಯಲ್ಲಿ ಇಂತಹ ಕೊಬ್ಬನ್ನು ಹೆಚ್ಚಾಗಿ ಇರಿಸಿಕೊಂಡಿದೆ. ಅದು ಪೊರೆಗೆ ರಕ್ಷಣೆಯೆಂಬುದು ವಿಜ್ಞಾನಿಗಳ ಊಹೆ. ಹಾಗೆಂದು ಈ ಬಂಧ ಅಭೇದ್ಯವಲ್ಲ. ರಂಜಕದ ಬರ ಬಿದ್ದಾಗ ಕೆಲವು ಬ್ಯಾಕ್ಟೀರಿಯಾಗಳು ವಿಶೇಷ ಕಿಣ್ವಗಳಿಂದ ಅದನ್ನು ಮುರಿದು ಆಹಾರ ಮಾಡಿಕೊಳ್ಳುತ್ತವೆ.

ಇದು ರೈತನಿಗೇಕೆ ಎನ್ನುವಿರಾ? ನಮ್ಮವರು ‘ಎಣ್ಣಿ’ ಎಂದು ಕರೆದು ಬದುವಿಗೆ ಹೊಡೆಯುವ ಗ್ಲೈಫೋಸೇಟ್ ಕೂಡ ಒಂದು ಫಾಸ್ಫೊನೇಟ್. ‘ಮಣ್ಣಿಗೆ ಬಿದ್ದರೆ ಮುಗಿಯಿತು’ ಎಂಬ ಮಾತು ಅರ್ಧಸತ್ಯ. ಮಣ್ಣಿನ ಕಣಗಳಿಗೆ ಅಂಟಿದಾಗ ಕಳೆ ಕೊಲ್ಲುವ ಶಕ್ತಿ ಕುಗ್ಗುವುದು ನಿಜ, ಆದರೆ ಅಣು ಅಲ್ಲೇ ಉಳಿದಿರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಒಡೆದರೂ ಹಲವು ವೇಳೆ ಉಳಿಯುವುದು ಆಂಪಾ ಎಂಬ ಇನ್ನೊಂದು ಫಾಸ್ಫೊನೇಟ್. ಅದರಲ್ಲಿ ಆ ಹಟಮಾರಿ ಬಂಧ ಹಾಗೆಯೇ ಇರುತ್ತದೆ.

ಬಂಧವೇ ವಿಷವೆಂದು ನಾನು ಹೇಳುತ್ತಿಲ್ಲ. ಕುರಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸುಖವಾಗಿದೆ. ಆದರೆ ಕುರಿಯ ಹೊಟ್ಟೆಯಲ್ಲಿರುವುದು ನಿಸರ್ಗದ ಅಳತೆ, ಪಂಪಿನಿಂದ ಹೊರಡುವುದು ನಮ್ಮ ಅಳತೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಗ್ಲೈಫೋಸೇಟ್ ಬಳಕೆಯನ್ನು ಕೀಟನಿಯಂತ್ರಣ ನಿರ್ವಾಹಕರಿಗಷ್ಟೇ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿತು. ಅಧಿಸೂಚನೆಯೊಂದೇ ಸಾಲದೆಂಬುದು ನನ್ನ ದೃಢ ಅಭಿಪ್ರಾಯ. ರೈತರ ಮಕ್ಕಳು ಕೂರುವ ಪ್ರೌಢಶಾಲೆಯ ತರಗತಿಯಲ್ಲಿಯೇ ಈ ಎರಡು ಅಣುಗಳನ್ನು ಪಕ್ಕಪಕ್ಕದಲ್ಲಿ ಬರೆದು ತೋರಿಸಬೇಕು.

ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಅನೇಕರಿದ್ದೀರಿ. ನಾನು ಬಿಟ್ಟ ಪಾಠವನ್ನು ನೀವು ಮಾಡಿರಿ.