ಮಡಿಲ ಮಗುವಿನ ಪುಸ್ತಕ: ಒಂದು ಶತಮಾನದ ಜಮಾ-ಖರ್ಚು

ಮಾತು ಇನ್ನೂ ಕೂಡದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಚಿತ್ರದ ಪುಸ್ತಕ ಓದಿ ಹೇಳುವ ರೂಢಿ ಕನ್ನಡದ ಮನೆಗಳಿಗೆ ಬಂದು ಬಹಳ ಕಾಲವಾಗಿಲ್ಲ. ಹಾಡಿ ಆಡಿಸುವುದು ನಮಗೆ ಹಳೆಯದು, ಓದಿ ತೋರಿಸುವುದು ಹೊಸದು. ಜೋಗುಳ, ತೊಡೆಯ ಮೇಲೆ ಕೂರಿಸಿ ಆನೆಯಾಡಿಸುವ ಪದ, ಅಂಗೈಯಿಂದ ಕಂಕುಳದವರೆಗೆ ಬೆರಳು ನಡೆಸಿ ಕಚಗುಳಿಯಿಡುವ ಆಟ, ತುತ್ತಿಗೊಂದರಂತೆ ಬೆಳೆಯುವ ಕಥೆ, ಇಷ್ಟನ್ನೂ ನಮ್ಮ ಅಜ್ಜಿಯರು ಪುಸ್ತಕದ ಹಂಗಿಲ್ಲದೆ ನಡೆಸಿಕೊಂಡು ಬಂದರು. ಪುಸ್ತಕವೆಂದರೆ ಶಾಲೆ, ಶಾಲೆಯೆಂದರೆ ಅಕ್ಷರ, ಅಕ್ಷರವೆಂದರೆ ಐದು ತುಂಬಿದ ಮೇಲಿನ ಮಾತು ಎಂಬ ತಿಳಿವಳಿಕೆ ಗಟ್ಟಿಯಾಗಿತ್ತು. ಇಂದು ಎರಡು ವರ್ಷದ ಮಗುವಿಗೆಂದೇ ಬರೆದು, ಬಣ್ಣ ಹಾಕಿ, ಅಚ್ಚು ಮಾಡಿದ ಪುಸ್ತಕಗಳು ಕನ್ನಡದಲ್ಲಿವೆ. ಇಲ್ಲಿಗೆ ಬಂದು ಮುಟ್ಟುವ ದಾರಿಯಲ್ಲಿ ನಾವು ಗಳಿಸಿದ್ದೆಷ್ಟು, ಕೈಬಿಟ್ಟದ್ದೆಷ್ಟು ಎಂದು ಲೆಕ್ಕ ಹಾಕಲು ಇದು ತಕ್ಕ ಹೊತ್ತು.

ಮೊದಲು ಬಂದದ್ದು ನಾದ. ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ಸುತ್ತಿದ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿ, ಮಕ್ಕಳ ಬಾಯಲ್ಲಿ ನಿಲ್ಲುವ ಪದ್ಯ ಹೇಗಿರಬೇಕೆಂದು ಬರೆದೇ ತೋರಿಸಿದರು. ಬ್ರೌನಿಂಗ್‌ನ ಕಥನಗೀತೆಯನ್ನು ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಮಲೆನಾಡಿನದೇ ಎಂಬಷ್ಟು ನಮ್ಮದಾಗಿಸಿದರು. ಜಿ.ಪಿ. ರಾಜರತ್ನಂ ಎಳೆಯ ಮಕ್ಕಳಿಗೆ ಪಾಠ ಹೇಳಬೇಕಾಗಿ ಬಂದಾಗ, ಇದ್ದ ಪದ್ಯಗಳು ನಾಲಗೆಗೆ ಒಗ್ಗದ್ದನ್ನು ಕಂಡು ‘ತುತ್ತೂರಿ’ ಊದಿದರು. ಹೊಯಿಸಳರು, ದಿನಕರ ದೇಸಾಯಿಯವರು, ವಿಜಯಪುರ ಸೀಮೆಯ ಶಿಸು ಸಂಗಮೇಶ ಮತ್ತು ಅವರ ಸಂಗಡಿಗರು ಇದೇ ದಾರಿಯಲ್ಲಿ ನಡೆದವರು. ಈ ಪದ್ಯಗಳನ್ನು ನಮಗೆ ಯಾರೂ ಪುಸ್ತಕ ಹಿಡಿದು ಓದಿ ಹೇಳಲಿಲ್ಲ. ಅಮ್ಮನಿಗೆ ಬರುತ್ತಿತ್ತು, ಅಕ್ಕನಿಗೆ ಬರುತ್ತಿತ್ತು, ಹಾಗಾಗಿ ನಮಗೂ ಬಂತು. ಪುಸ್ತಕ ಹರಿದು ಹೋದರೂ ಪದ್ಯ ಉಳಿಯಿತು. ಕನ್ನಡದ ಶಿಶುಸಾಹಿತ್ಯ ಗಳಿಸಿದ ಅತಿ ದೊಡ್ಡ ಆಸ್ತಿ ಇದು, ಇವತ್ತಿಗೂ ಇದೇ.

ಚಿತ್ರ ಮಾತ್ರ ತಡವಾಗಿ ಬಂತು. ಬಣ್ಣದ ಅಚ್ಚಿಗೆ ದುಡ್ಡು ಬೇಕು, ಕೊಳ್ಳುವವರು ಬೇಕು. ಎರಡೂ ನಮ್ಮ ಪ್ರಕಾಶಕರಲ್ಲಿ ಇರಲಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ‘ಬಾಲಪ್ರಪಂಚ’ದ ಸಂಪುಟಗಳನ್ನು ತಂದು, ಮಕ್ಕಳಿಗೆ ಜಗತ್ತನ್ನು ಚಿತ್ರಸಹಿತ ತೋರಿಸಬೇಕೆಂದು ಹಟ ಹಿಡಿದವರು. ಆದರೆ ಅದು ಓದು ಬಲ್ಲ ಮಕ್ಕಳ ಪುಸ್ತಕ. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದಲ್ಲಿ ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರ ಮುಖಪುಟಗಳು ಮನೆಯ ಕಿರಿಯ ಮಗುವನ್ನೂ ಹತ್ತಿರಕ್ಕೆ ಸೆಳೆದವು. ಅಣ್ಣ ಕಥೆ ಓದುತ್ತಿದ್ದರೆ ಪುಟ್ಟ ತಂಗಿ ಬೇತಾಳನ ಚಿತ್ರದ ಮೇಲೆ ಅಂಗೈಯಿಟ್ಟು ಮುಚ್ಚುತ್ತಿದ್ದಳು. ಅವಳ ಪಾಲಿಗೆ ಅದೇ ಓದು. ದೊಡ್ಡವರ ಪುಸ್ತಕದ ಅಂಚಿನಲ್ಲಿ ಕುಳಿತು ಚಿತ್ರ ನೋಡುವುದೇ ಅಂದಿನ ಎಳೆಯರಿಗೆ ಸಿಕ್ಕ ಹಕ್ಕು. ಅವರಿಗೆಂದೇ ಬೇರೆ ಪುಸ್ತಕ ಬೇಕೆಂದು ಕೇಳಿದವರು ವಿರಳ.

ಆ ಕೊರತೆ ತುಂಬುವ ಮಾತು ಕೊಟ್ಟದ್ದು ಸರ್ಕಾರ. 1957ರಲ್ಲಿ ಹುಟ್ಟಿದ ನ್ಯಾಷನಲ್ ಬುಕ್ ಟ್ರಸ್ಟ್, ಮುಂದೆ ನೆಹರು ಬಾಲ ಪುಸ್ತಕಾಲಯ ಮಾಲೆ ತಂದಾಗ ಮೊದಲ ಬಾರಿಗೆ ತೆಳ್ಳಗಿನ, ಅಗಲವಾದ, ಪುಟಪುಟಕ್ಕೂ ಬಣ್ಣವಿರುವ ಪುಸ್ತಕ ಕನ್ನಡದ ಬಡ ಮನೆಗೂ ಎಟುಕಿತು. ತನ್ನ ಬೂದು ಬಣ್ಣ ಬೇಸರವಾದ ಮಿಕ್ಕಿ ಪಟೇಲರ ಆನೆ ರೂಪಾಳನ್ನು ಮರೆತವರು ಕಡಿಮೆ. ಈ ಅಗ್ಗದ ಹಿಂದೆ ಒಂದು ಉಪಾಯವಿತ್ತು. ಚಿತ್ರದ ಬಣ್ಣಗಳನ್ನು ಎಲ್ಲ ಭಾಷೆಗಳಿಗೂ ಒಟ್ಟಿಗೇ ಅಚ್ಚು ಹಾಕಿ, ಅಕ್ಷರವಿರುವ ಕಪ್ಪು ಪ್ಲೇಟನ್ನಷ್ಟೇ ಭಾಷೆಗೊಂದರಂತೆ ಬದಲಿಸುವುದು. ಹೀಗಾಗಿ ವೆಚ್ಚ ಹಂಚಿಹೋಯಿತು. ಅದರ ಬೆಲೆಯನ್ನೂ ತೆತ್ತೆವು. ಬೇರೆಡೆ ಬರೆದ ಚಿತ್ರದ ನಡುವೆ ಉಳಿದ ಜಾಗಕ್ಕೆ ಕನ್ನಡ ಸಾಲು ಮೈ ಹಿಡಿ ಮಾಡಿ ಕೂರಬೇಕಾಯಿತು. ಇದೇ ಕಾಲದಲ್ಲಿ ನವಕರ್ನಾಟಕದ ಮಳಿಗೆಗಳಲ್ಲಿ ಸೋವಿಯತ್ ಪುಸ್ತಕಗಳು ದೊರೆಯುತ್ತಿದ್ದವು. ಕರಡಿ, ಹಿಮ, ತಲೆಗೆ ಬಟ್ಟೆ ಕಟ್ಟಿದ ಅಜ್ಜಿ, ನಾವು ಕಾಣದ ಲೋಕವಾದರೂ ಚಿತ್ರಗಳು ಮಗುವನ್ನು ಹಗುರವಾಗಿ ಕಾಣುತ್ತಿರಲಿಲ್ಲ. 1991ರಲ್ಲಿ ಆ ದೇಶವೇ ಇಲ್ಲವಾದಾಗ ಆ ಬಾಗಿಲೂ ಮುಚ್ಚಿತು. ಬೇರೆಯವರ ಔದಾರ್ಯದ ಮೇಲೆ ನಿಂತ ಕಪಾಟು ಹೇಗೆ ಖಾಲಿಯಾಗುತ್ತದೆ ಎಂಬ ಪಾಠವನ್ನು ನಾವು ಕಲಿತೆವೆಂದು ಹೇಳಲಾರೆವು.

ಸರ್ಕಾರ ಎಳೆಯರಿಗೆ ಕೊಟ್ಟ ಇನ್ನೊಂದು ಮಾತು ಅಂಗನವಾಡಿಯದು. 1975ರ ಗಾಂಧಿ ಜಯಂತಿಯಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ದೇಶದ ಮೊದಲ 33 ಯೋಜನೆಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಪೌಷ್ಟಿಕ ಆಹಾರ, ಚುಚ್ಚುಮದ್ದಿನ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಆ ಯೋಜನೆಯ ಆಶ್ವಾಸನೆಯಾಗಿತ್ತು. ಅಂಗನವಾಡಿ ಹಳ್ಳಿಹಳ್ಳಿಗೆ ಬಂತು, ಉಪ್ಪಿಟ್ಟು ಬಂತು, ಮೊಟ್ಟೆಯೂ ಬಂತು. ಇದನ್ನು ಸಣ್ಣ ಗಳಿಕೆ ಎನ್ನುವವರು ಹಸಿವನ್ನು ಅರಿಯದವರು. ಆದರೆ ಪುಸ್ತಕದ ವಿಷಯದಲ್ಲಿ ಬಹುಕಾಲ ಅಲ್ಲಿದ್ದದ್ದು ಗೋಡೆಗೆ ಎತ್ತರದಲ್ಲಿ ತೂಗುಹಾಕಿದ ಹಣ್ಣು, ಪ್ರಾಣಿ, ವರ್ಣಮಾಲೆಯ ಚಾರ್ಟು. ಎಲ್ಲೋ ಬಂದ ಪುಸ್ತಕವೂ ಹರಿದರೆ ಲೆಕ್ಕ ಕೊಡಬೇಕೆಂಬ ಭಯಕ್ಕೆ ಟ್ರಂಕಿನೊಳಗೆ ಸೇರುತ್ತಿತ್ತು. ಮುಟ್ಟಲಾಗದ ಪುಸ್ತಕ ಎರಡು ವರ್ಷದ ಮಗುವಿಗೆ ಪುಸ್ತಕವೇ ಅಲ್ಲ.

ನಿಜವಾದ ತಿರುವು ಬಂದದ್ದು ಕಳೆದ ಮೂರು ದಶಕಗಳಲ್ಲಿ. 1996ರಲ್ಲಿ ಚೆನ್ನೈನಲ್ಲಿ ಆರಂಭವಾದ ತೂಲಿಕಾ, ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳಲ್ಲಿ ಚಿತ್ರಪುಸ್ತಕ ತಂದಿತು. ನಂದಿನಿ ನಾಯರ್ ಬರೆದು ಪ್ರೊಯ್ತಿ ರಾಯ್ ಚಿತ್ರಿಸಿದ ‘ವಾಟ್ ಶಲ್ ಐ ಮೇಕ್’ ಪುಸ್ತಕದಲ್ಲಿ ಹುಡುಗನೊಬ್ಬ ಚಪಾತಿ ಹಿಟ್ಟಿನಲ್ಲಿ ಒಂದೊಂದೇ ಪ್ರಾಣಿ ಮಾಡಿ, ಮತ್ತೆ ಉಂಡೆ ಕಟ್ಟುತ್ತಾನೆ. ಅಡುಗೆಮನೆಯ ಈ ಆಟವನ್ನು ಯಾವ ಮಗುವಿಗೂ ವಿವರಿಸಬೇಕಿಲ್ಲ. ಅಶೋಕ್ ರಾಜಗೋಪಾಲನ್ ಅವರ ನೆಗಡಿ ಹಿಡಿದ ಆನೆ ‘ಗಜಪತಿ ಕುಲಪತಿ’ಯನ್ನು ಓದುವ ಅಪ್ಪನನ್ನು ಗಮನಿಸಿ: ಸೀನು ಬರುವ ಪುಟಕ್ಕೆ ಮುಂಚೆಯೇ ಉಸಿರು ಎಳೆದುಕೊಳ್ಳುತ್ತಾನೆ, ಮಗು ಅವನ ಮೂಗನ್ನೇ ನೋಡುತ್ತದೆ, ಸೀನು ಸಿಡಿಯುತ್ತದೆ, ಮತ್ತೆ ಅದೇ ಪುಟ ಬೇಕೆಂದು ಹಟ. ಗಟ್ಟಿಯಾಗಿ ಓದುವ ಪುಸ್ತಕಕ್ಕೆ ಬೇಕಾದದ್ದೆಲ್ಲ ಆ ಪುಟದಲ್ಲಿದೆ: ಕಾಯುವಿಕೆ, ಸದ್ದು, ಮರುಕಳಿಕೆ. 2004ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಪ್ರಥಮ್ ಬುಕ್ಸ್ ಬೆಲೆಯನ್ನು ಕೆಳಗಿಳಿಸಿತು. ರೋಹಿಣಿ ನಿಲೇಕಣಿ ‘ನೋನಿ’ ಎಂಬ ಹೆಸರಿನಲ್ಲಿ ಬರೆದ ಉದ್ದಗೂದಲಿನ ಶೃಂಗೇರಿ ಶ್ರೀನಿವಾಸ ನಮ್ಮ ನಾಡಿನ ಹೆಸರನ್ನೇ ಹೊತ್ತು ಹಲವು ಭಾಷೆಗಳ ಮಕ್ಕಳನ್ನು ನಗಿಸಿದ. 2015ರಲ್ಲಿ ಅದೇ ಸಂಸ್ಥೆ ಸ್ಟೋರಿವೀವರ್ ತೆರೆದು, ಓದಲು, ಅನುವಾದಿಸಲು, ಅಚ್ಚು ಹಾಕಿಕೊಳ್ಳಲು ಮುಕ್ತ ಪರವಾನಗಿ ಕೊಟ್ಟಿತು. ಕನ್ನಡ ಪುಸ್ತಕದಂಗಡಿಯೇ ಇಲ್ಲದ ಹೊರನಾಡಿನ ತಾಯಿಗೂ ಮಗುವಿನ ನಿದ್ದೆಯ ಹೊತ್ತಿಗೆ ಒಂದು ಕನ್ನಡ ಕಥೆ ಸಿಗುವಂತಾಯಿತು.

ಇಷ್ಟು ಗಳಿಕೆಯ ಎದುರಿಗೆ ನಷ್ಟವನ್ನೂ ಬರೆದಿಡಬೇಕು. ನಮ್ಮ ಚಿತ್ರಪುಸ್ತಕಗಳ ದೊಡ್ಡ ಪಾಲು ಇಂದಿಗೂ ಅನುವಾದ. ಅನುವಾದ ತಪ್ಪಲ್ಲ, ಕಿಂದರಿಜೋಗಿಯೇ ಅದಕ್ಕೆ ಸಾಕ್ಷಿ. ಆದರೆ ಕಣ್ಣಿಗಾಗಿ ಮಾಡಿದ ಅನುವಾದ ನಾಲಗೆಗೆ ತೊಡರುತ್ತದೆ. ಅನುಭವಿ ಅಜ್ಜಿ ಪುಸ್ತಕದ ಗ್ರಾಂಥಿಕ ಸಾಲನ್ನು ಬದಿಗಿಟ್ಟು ತನ್ನ ಊರಿನ ಮಾತಿನಲ್ಲಿ ಹೇಳಿಬಿಡುತ್ತಾಳೆ. ಆ ಧೈರ್ಯವಿಲ್ಲದ ಎಳೆಯ ತಾಯ್ತಂದೆಯರು ತಡವರಿಸಿ, ಕಡೆಗೆ ಇಂಗ್ಲಿಷ್ ಪುಸ್ತಕದ ಕಡೆ ತಿರುಗುತ್ತಾರೆ. ಪಂಜೆ, ರಾಜರತ್ನಂ ಅವರಿಂದ ಬಂದ ನಾದದ ಆಸ್ತಿಗೂ ಹೊಸ ಚಿತ್ರಕಾರರ ಕುಂಚಕ್ಕೂ ಇನ್ನೂ ಸರಿಯಾದ ನಂಟು ಬೆಳೆದಿಲ್ಲ. ಕಚ್ಚಿದರೂ ಎಳೆದರೂ ತಾಳುವ ದಪ್ಪ ರಟ್ಟಿನ ಪುಸ್ತಕ ಕನ್ನಡದಲ್ಲಿ ಬೆರಳೆಣಿಕೆಯಷ್ಟು. ಶಾಲೆಯ ಬೋಧನಾ ಮಾಧ್ಯಮದ ಆಯ್ಕೆ ಪಾಲಕರದ್ದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಶಾಲೆಯ ವಾದ ಮುಗಿಯಿತು. ಆದರೆ ಆ ವಾದದ ನೆರಳು ಮಡಿಲಿಗೂ ಬಿತ್ತು. ಎರಡು ವರ್ಷದ ಕೂಸಿಗೆ ಓದಿ ಹೇಳುವುದು ಈಗ ಎಷ್ಟೋ ಮನೆಗಳಲ್ಲಿ ಶಾಲಾ ಪ್ರವೇಶದ ಸಂದರ್ಶನಕ್ಕೆ ತಯಾರಿ. ಎಲ್ಲಕ್ಕಿಂತ ದೊಡ್ಡ ನಷ್ಟ, ಪುಸ್ತಕ ಬಂದ ಹೊತ್ತಿಗೆ ಕನ್ನಡವನ್ನು ಸರಾಗವಾಗಿ ಓದಬಲ್ಲ ಪಾಲಕರು ಕಡಿಮೆಯಾದದ್ದು. ಊಟದ ಹೊತ್ತಿನ ಕಥೆಯ ಜಾಗದಲ್ಲಿ ಮೊಬೈಲು ಬಂತು. ಅದರಲ್ಲಿಯೂ ಕನ್ನಡದ ಪದ್ಯಗಳಿವೆ, ಆದರೆ ಮಗು ತೊದಲಿದಾಗ ನಿಲ್ಲಿಸಿ ಕಾಯುವ ದನಿ ಅದರಲ್ಲಿಲ್ಲ.

ಆದರೂ ಲೆಕ್ಕ ನಷ್ಟದಲ್ಲೇ ಮುಗಿಯುತ್ತದೆ ಎನ್ನಲು ಮನಸ್ಸಿಲ್ಲ. ಕೋವಿಡ್ ಕಾಲದ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತಂದಿತು. ಇಂದು ಅರಿವು ಕೇಂದ್ರಗಳೆನಿಸಿಕೊಂಡ ಈ ಗ್ರಂಥಾಲಯಗಳು ರಾಜ್ಯದಲ್ಲಿ ಐದು ಸಾವಿರಕ್ಕೂ ಮಿಕ್ಕಿವೆ. ಅಂಗನವಾಡಿ ಇದೆ, ಗ್ರಂಥಾಲಯ ಇದೆ, ಪುಸ್ತಕವೂ ಇದೆ. ಮೂರನ್ನೂ ಒಂದೆಡೆ ತರುವ ಕೆಲಸ ಉಳಿದಿದೆ. ಕನ್ನಡದಲ್ಲೇ ಹುಟ್ಟಿದ, ನಾಲಗೆಗೆ ಒಗ್ಗುವ, ಗಟ್ಟಿ ರಟ್ಟಿನ ಪುಸ್ತಕಗಳಿಗೆ ಸರ್ಕಾರವೂ ಪ್ರಕಾಶಕರೂ ಕೂಡಿ ಹಣ ಹೂಡಬೇಕು. ಅಂಗನವಾಡಿಗೆ ಕೊಟ್ಟ ಪುಸ್ತಕ ಹರಿದರೆ ಕಾರ್ಯಕರ್ತೆಯಿಂದ ವಿವರಣೆ ಕೇಳದೆ ಹೊಸದನ್ನು ಕಳಿಸಬೇಕು. ಓದು ಬಾರದ ತಾಯಿಗೆ ಚಿತ್ರ ನೋಡಿ ಕಥೆ ಕಟ್ಟಲು ಬರುತ್ತದೆ ಎಂಬುದನ್ನು ನಂಬಬೇಕು. ನಾದವನ್ನು ಕೊಟ್ಟವರು ದುಡ್ಡಿಲ್ಲದ ಕಾಲದಲ್ಲಿ ತಮ್ಮ ಪಾಲಿನ ಕೆಲಸ ಮಾಡಿ ಹೋದರು. ಚಿತ್ರವನ್ನು ತಂದವರೂ ಮಾಡಿದರು. ಓದಿ ಹೇಳುವ ಪಾಳಿ ನಮ್ಮದು. ಅದನ್ನು ಯೋಜನೆಯ ಕಡತಕ್ಕಾಗಲಿ ಮೊಬೈಲಿಗಾಗಲಿ ವಹಿಸಿ ಕೈತೊಳೆದುಕೊಂಡರೆ, ಮುಂದಿನ ಸಲ ಲೆಕ್ಕ ಬರೆಯುವವರು ಖರ್ಚಿನ ಕಡೆ ಮೊದಲು ಬರೆಯುವುದು ನಮ್ಮ ಹೆಸರನ್ನೇ.