ಹಸ್ತಪ್ರತಿಗೆ ತಲಾ 60 ರೂಪಾಯಿ

ಕೇಂದ್ರ ಸರಕಾರದ ಹಸ್ತಪ್ರತಿ ಯೋಜನೆಯಾದ ಜ್ಞಾನ ಭಾರತಂ ಮಿಷನ್ನನ್ನು ಹೊಗಳುವ ಲೇಖನಗಳೆಲ್ಲ ಎತ್ತಿ ಹಿಡಿಯುವುದು ಒಂದೇ ಅಂಕಿಯನ್ನು: 2025–26ರ ಕೇಂದ್ರ ಬಜೆಟ್‌ನಲ್ಲಿ ಹಸ್ತಪ್ರತಿಗಳ ಅನುದಾನ 3.5 ಕೋಟಿ ರೂಪಾಯಿಯಿಂದ 60 ಕೋಟಿಗೆ ಏರಿತು, ಹದಿನೇಳು ಪಟ್ಟು ಹೆಚ್ಚಾಯಿತು. ಗುರಿಯ ಅಂಕಿಯನ್ನು ಮಾತ್ರ ಯಾರೂ ಇದರ ಪಕ್ಕದಲ್ಲಿಟ್ಟು ನೋಡಲಿಲ್ಲ. ಅದು ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿ. ಭಾಗಿಸಿದರೆ ತಲಾ 60 ರೂಪಾಯಿ. ಈ ದುಡ್ಡಿಗೆ ಫೋಟೊ ಸಿಕ್ಕೀತು, ಹಸ್ತಪ್ರತಿ ಉಳಿಯದು.

ಇದು ಒಂದೇ ವರ್ಷದ ಹಣ, ಮುಂದೆಯೂ ಬರುತ್ತದೆ ಎಂಬ ಸಮಜಾಯಿಷಿ ಸಿದ್ಧವಾಗಿದೆ. ಬರಲಿ. ಎಂಟು ವರ್ಷ ಇದೇ ಮೊತ್ತ ಕೊಟ್ಟರೂ ತಲಾ 480 ರೂಪಾಯಿ. ಸಮೀಕ್ಷೆ, ಸ್ಕ್ಯಾನರ್, ಸರ್ವರ್, ಸಮ್ಮೇಳನ ಎಲ್ಲವೂ ಅದರೊಳಗೇ ಆಗಬೇಕು. ಯೋಜನೆಯ ಕಾಗದದಲ್ಲಿ ‘ಸಂರಕ್ಷಣೆ’ ಇದೆ, ನಿಜ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಪೋರ್ಟಲ್ ಉದ್ಘಾಟನೆಯಾದಾಗ ವೇದಿಕೆಯಿಂದ ಕೇಳಿಬಂದ ಸಾಧನೆ, ಹತ್ತು ಲಕ್ಷಕ್ಕೂ ಹೆಚ್ಚು ಹಸ್ತಪ್ರತಿಗಳ ಡಿಜಿಟಲೀಕರಣ. ಸರಕಾರ ಯಾವುದನ್ನು ಎಣಿಸುತ್ತದೋ ಕೆಲಸ ನಡೆಯುವುದೂ ಅದರದ್ದೇ.

ಈ 60 ರೂಪಾಯಿಯೂ ಎಲ್ಲರಿಗಿಲ್ಲ. ಲೆಕ್ಕಕ್ಕೆ ಬರುವುದು 75 ವರ್ಷ ದಾಟಿದ ಕೈಬರಹ ಮಾತ್ರ. ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಇರುವಂಥ ತುಳು ಬದುಕಿನ ವಸ್ತುಗಳು ಇದರ ಹೊರಗೆ. ಮಿಜಾರು ಅಣ್ಣಪ್ಪ ಹಾಸ್ಯಗಾರರ ತಲೆಮಾರಿನ ಯಕ್ಷಗಾನ ಆಟಗಳನ್ನು ಹಿಡಿದಿಟ್ಟ ಕ್ಯಾಸೆಟ್ಟುಗಳೂ ಹೊರಗೆ. ಬೂಷ್ಟಿಗೆ ಮಾತ್ರ ಇಂಥ ಭೇದವಿಲ್ಲ. ತೇವಾಂಶ ಶೇ 65–70 ದಾಟಿದರೆ ಅದು ಓಲೆಯನ್ನೂ ಹಿಡಿಯುತ್ತದೆ, ಟೇಪನ್ನೂ ಹಿಡಿಯುತ್ತದೆ. ಮೂಡುಬಿದಿರೆ ಬಳಿಯ ನಮ್ಮ ಮಿಜಾರಿನಲ್ಲಿ ಮಳೆಗಾಲದ ಆಟಿ ತಿಂಗಳಿಡೀ ಗಾಳಿಯ ತೇವಾಂಶ ಅದಕ್ಕಿಂತ ಎಷ್ಟೋ ಮೇಲಿರುತ್ತದೆ.

ಪ್ರತಿ ಮಾಡಿಟ್ಟರೆ ಸಾಕು, ಮೂಲ ಹೋದರೂ ವಿಷಯ ಉಳಿಯುತ್ತದೆ ಎನ್ನುವವರು ಮೂಡುಬಿದಿರೆಯ ಚರಿತ್ರೆ ಓದಬೇಕು. ಜೈನ ಸಿದ್ಧಾಂತ ಗ್ರಂಥಗಳಾದ ಧವಲಾ, ಜಯಧವಲಾ, ಮಹಾಬಂಧಗಳ ಪ್ರಾಚೀನ ತಾಡವೋಲೆ ಪ್ರತಿಗಳು ಉಳಿದದ್ದು ಇಲ್ಲಿನ ಸಿದ್ಧಾಂತ ಬಸದಿಯಲ್ಲಿ ಮಾತ್ರ. 1896ರಲ್ಲಿ ಶುರುವಾದ ಪ್ರತಿ ಮಾಡುವ ಕೆಲಸ ಮುಗಿದದ್ದು 1922ರಲ್ಲಿ. ಹೀರಾಲಾಲ್ ಜೈನ್ ಸಂಪಾದನೆಯಲ್ಲಿ ಧವಲಾದ 16 ಸಂಪುಟಗಳು ಹೊರಬರಲು 1939ರಿಂದ 1958 ಹಿಡಿಯಿತು. ಇಂದು ಜಗತ್ತು ಆ ಸಿದ್ಧಾಂತ ಗ್ರಂಥಗಳನ್ನು ಓದುತ್ತಿರುವುದು ಆ ಲಿಪಿಕಾರರ ದಯೆಯಿಂದ. ಹಾಗಾಗಿ ಪ್ರತಿ ಬೇಡವೆನ್ನುವ ಮೂರ್ಖತನ ನನ್ನದಲ್ಲ.

ಆದರೆ ಮಹಾಬಂಧವನ್ನು ಬಿಡಿಸಿ ನೋಡಿ. ಆರಂಭದ ಓಲೆಯೇ ಇಲ್ಲ, ನಡುವೆಯೂ ಓಲೆಗಳು ನಷ್ಟವಾಗಿವೆ. ಲಿಪಿಕಾರ ಬಂದು ಕೂರುವ ಮೊದಲೇ ಅವು ಹೋಗಿದ್ದವು. ಬೇರೆಲ್ಲೂ ಮೂಲ ಇಲ್ಲದ್ದರಿಂದ ಆ ಭಾಗವನ್ನು ಯಾವ ಸಂಪಾದಕನೂ ತುಂಬಿಕೊಡಲಾರ. ಪ್ರತಿ ಮಾಡುವವನು ಬರುವ ತನಕ ಓಲೆ ಇರಬೇಕಲ್ಲ? ಆಗ ಮೂರು ಗ್ರಂಥಗಳಿಗೆ 26 ವರ್ಷ ಬೇಕಾಯಿತು. ಈಗ ಯಂತ್ರ ವೇಗವಾಗಿದೆ, ಸಾಲು ಒಂದು ಕೋಟಿಯಾಗಿದೆ. ಸ್ಕ್ಯಾನರ್ ಬಂಟ್ವಾಳದ ಅಟ್ಟಕ್ಕೋ ಬೆಳ್ತಂಗಡಿಯ ಗುತ್ತಿನ ಮನೆಗೋ ಬರುವಷ್ಟರಲ್ಲಿ ಎಷ್ಟು ಮಳೆಗಾಲ ಕಳೆದಿರುತ್ತದೆ?

ಕಾಯುವ ಆ ವರ್ಷಗಳಿಗೆ ಬೇಕಾದದ್ದು ದುಬಾರಿಯಲ್ಲ. ತೇವಾಂಶ ಮಾಪಕಕ್ಕೆ ಕೆಲವು ನೂರು ರೂಪಾಯಿ. ಗೋಡೆಯಿಂದ ದೂರ ನಿಲ್ಲಿಸಿದ ಕಬ್ಬಿಣದ ಕಪಾಟು, ಹತ್ತಿ ಬಟ್ಟೆ, ಗೆದ್ದಲಿಗೆ ಕಣ್ಣಿಡುವ ಒಬ್ಬ ಮನುಷ್ಯ. ದುಬಾರಿಯಾಗುವುದು ಆ ಮನುಷ್ಯನ ತಿಂಗಳ ಸಂಬಳ ಮಾತ್ರ. ಸಣ್ಣ ಸಂಗ್ರಹಾಲಯ ಸೋಲುವುದೂ ಅಲ್ಲಿಯೇ. ಕಟ್ಟಡಕ್ಕೆ ದಾನಿ ಸಿಗುತ್ತಾನೆ, ಗೋಡೆಯ ಮೇಲೆ ಹೆಸರೂ ಬರುತ್ತದೆ. ಗುಡಿಸಿ ಒರೆಸುವ ಕೆಲಸಕ್ಕೆ ಶಿಲಾಫಲಕ ಎಲ್ಲಿಂದ?

ಹಣ ಇಲ್ಲವೆನ್ನಬೇಡಿ. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಾವು ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಅದನ್ನು ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಇಲಾಖೆಗೆ ದಾಟಿಸದಿರುವುದು ಹಳೆಯ ಗೋಳು. ಬಾಕಿ ವಸೂಲಾಗಲಿ. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಈ ಮೂರು ತಾಲೂಕಿಗೆ ಒಬ್ಬ ತರಬೇತಾದ ಸಂರಕ್ಷಕ, ಇಬ್ಬರು ಸಹಾಯಕರು ಅದರಲ್ಲಿ ಬರಲಿ. ಕಾಯ್ದೆ ಅಡ್ಡ ಬಂದರೆ ತಿದ್ದಿ. ಈ ತಂಡಕ್ಕೆ ಮಿಜಾರು ಸರಿಯಾದ ನೆಲೆ: ಎರಡು ಎಂಜಿನಿಯರಿಂಗ್ ಕಾಲೇಜುಗಳು ಇಲ್ಲೇ ಇವೆ, ಸಂವೇದಕ ಮಾಡಿಕೊಡುವ ವಿದ್ಯಾರ್ಥಿಗಳಿದ್ದಾರೆ. ಮೂಡುಬಿದಿರೆಯ ರಮಾರಾಣಿ ಶೋಧ ಸಂಸ್ಥಾನ ಪಕ್ಕದಲ್ಲಿದೆ, ಧರ್ಮಸ್ಥಳದ ಮಂಜೂಷಾದಂಥ ದೊಡ್ಡ ಸಂಗ್ರಹಾಲಯದ ಅನುಭವ ಅದೇ ಸೀಮೆಯಲ್ಲಿದೆ.

ಖಾಸಗಿಯವರ ವಸ್ತುವಿಗೆ ಸಾರ್ವಜನಿಕ ಹಣವೇಕೆ ಎಂಬ ಆಕ್ಷೇಪಕ್ಕೂ ಬಸದಿಯೇ ಉತ್ತರ. ಜಗತ್ತಿನ ಏಕೈಕ ಪ್ರತಿ ಉಳಿದದ್ದು ಸರಕಾರಿ ಕಪಾಟಿನಲ್ಲಿ ಅಲ್ಲ. ಒಡೆತನ ಅವರಲ್ಲೇ ಇರಲಿ. ನೆರವು ಪಡೆದವರು ವರ್ಷಕ್ಕೊಮ್ಮೆ ಸಂಗ್ರಹದ ಪಟ್ಟಿಯನ್ನೂ ಸ್ಥಿತಿಯ ವರದಿಯನ್ನೂ ಕೊಡಬೇಕು ಎಂಬ ಷರತ್ತು ಸಾಕು.

ದಿಲ್ಲಿಯ ವರದಿಗೂ ಒಂದು ಕಾಲಂ ಸೇರಲಿ. ಎಷ್ಟು ಸ್ಕ್ಯಾನ್ ಆಯಿತು ಎಂಬುದರ ಎದುರು, ಅವುಗಳ ಪೈಕಿ ಎಷ್ಟು ಮೂಲಗಳು ಒಣ ಕೋಣೆಯಲ್ಲಿವೆ ಎಂದು ಬರೆಯಲಿ. ಆ ಕಾಲಂ ಖಾಲಿ ಇರುವವರೆಗೆ ಹದಿನೇಳು ಪಟ್ಟಿನ ಮಾತು ಆಡುವ ಹಕ್ಕು ಯಾರಿಗೂ ಇಲ್ಲ.