ಬುಸುಗುಟ್ಟುವ ರೇಡಿಯೇಟರಿನ ಪುಟ್ಟ ಮೂಗು

ನ್ಯೂಯಾರ್ಕಿನ ಹಳೆಯ ಕಟ್ಟಡದಲ್ಲಿ ಬಾಡಿಗೆ ಕೋಣೆ ಹಿಡಿದ ವಿದ್ಯಾರ್ಥಿಗೆ ಮೊದಲ ಚಳಿಗಾಲದ ಒಂದು ರಾತ್ರಿ ತಟ್ಟನೆ ಎಚ್ಚರವಾಗುತ್ತದೆ. ಕಿಟಕಿಯ ಕೆಳಗೆ ಕೂತಿರುವ ಎರಕದ ಕಬ್ಬಿಣದ ರೇಡಿಯೇಟರ್ ಯಾರೂ ಮುಟ್ಟದೆಯೇ ಬುಸುಗುಡತೊಡಗಿರುತ್ತದೆ. ಮರುದಿನ ದಾವಣಗೆರೆಗೋ ಮೈಸೂರಿಗೋ ಫೋನು ಬರುತ್ತದೆ: "ಅಮ್ಮಾ, ರೂಮಲ್ಲಿ ಹಾವು ಬುಸ್ ಅಂದ ಹಾಗೆ ಗಂಟೆಗಟ್ಟಲೆ ಸದ್ದು. ಕೆಳಗಿನ ಮನೆಯವರಿಗೆ ಸೆಕೆಯಂತೆ, ನನಗೆ ಮಾತ್ರ ಚಳಿ." ಏಳು ಸಮುದ್ರದ ಆಚೆಗಿರುವ ತಾಯಿ ಹೇಳಬಹುದಾದದ್ದು ಇಷ್ಟೇ: "ಎರಡು ಸ್ವೆಟರ್ ಹಾಕ್ಕೊಂಡು ಮಲಗು ಕಂದಾ."

ಸ್ವೆಟರಿಗಿಂತ ಒಳ್ಳೆಯ ಉಪಾಯ ಅದೇ ರೇಡಿಯೇಟರಿನ ಪಕ್ಕಕ್ಕೆ ಅಂಟಿಕೊಂಡಿರುವ ಬೆರಳುದ್ದದ ಲೋಹದ ತುಂಡಿನಲ್ಲಿ ಅಡಗಿದೆ. ಅದರ ಹೆಸರು ಏರ್ ವೆಂಟ್. ರೇಡಿಯೇಟರಿನ ಮೂಗು ಎಂದರೂ ನಡೆಯುತ್ತದೆ.

ಅಮೆರಿಕದ ಹಳೆಯ ನಗರಗಳಲ್ಲಿ ಇಂದಿಗೂ ಸಾವಿರಾರು ಕಟ್ಟಡಗಳನ್ನು ಬೆಚ್ಚಗಿಡುವುದು ಉಗಿ. ನೆಲಮಾಳಿಗೆಯ ಬಾಯ್ಲರಿನಲ್ಲಿ ನೀರು ಕುದಿದು ಉಗಿಯಾಗುತ್ತದೆ, ಪೈಪಿನಲ್ಲಿ ಮೇಲೇರಿ ಪ್ರತಿ ಕೋಣೆಯ ರೇಡಿಯೇಟರನ್ನು ಹೊಗುತ್ತದೆ. ತಣ್ಣನೆಯ ಕಬ್ಬಿಣ ತಾಗಿ ಮತ್ತೆ ನೀರಾಗುವಾಗ ತನ್ನ ಶಾಖವನ್ನು ಅಲ್ಲಿ ಬಿಟ್ಟುಕೊಡುತ್ತದೆ. ಒಂದು ಗ್ರಾಂ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಏರಿಸಲು 80 ಕ್ಯಾಲೊರಿ ಸಾಕು. ಅದನ್ನು ಉಗಿಯಾಗಿಸಲು ಮತ್ತೆ ಸುಮಾರು 540 ಕ್ಯಾಲೊರಿ ಬೇಕು. ಶಾಲೆಯಲ್ಲಿ ಗುಪ್ತೋಷ್ಣ ಎಂದು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದ ವಿಷಯ ಇದೇ. ಪರೀಕ್ಷೆಯಲ್ಲಿ ನಾಲ್ಕು ಸಾಲು ಬರೆದವರಿಗೂ ಅದು ಹೀಗೆ ಹಾಸಿಗೆಯ ಪಕ್ಕದಲ್ಲಿ ಎದುರಾಗುವುದು ಅಪರೂಪ. ಹಲವು ಕಟ್ಟಡಗಳಲ್ಲಿ ಉಗಿ ಮೇಲೇರುವುದೂ ನೀರು ಕೆಳಗಿಳಿಯುವುದೂ ಒಂದೇ ಪೈಪಿನಲ್ಲಿ. ಏರ್ ವೆಂಟಿನ ಕಥೆ ಮುಖ್ಯವಾಗಿ ಅಂಥ ಕಟ್ಟಡಗಳದ್ದು.

ಬಾಯ್ಲರ್ ಆರಿದ್ದಾಗ ರೇಡಿಯೇಟರಿನೊಳಗೆ ಇರುವುದು ಬರೀ ಗಾಳಿ. ಆ ಗಾಳಿ ಜಾಗ ಬಿಡದೆ ಉಗಿ ಒಳಬರಲಾರದು. ಕುಕ್ಕರ್ ಒಲೆಗಿಟ್ಟ ಗೃಹಿಣಿ ನಳಿಗೆಯಿಂದ ಹಬೆ ಜೋರಾಗಿ ಬರುವವರೆಗೆ ಕಾದು ಆಮೇಲೆ ವೆಯ್ಟ್ ಹಾಕುವುದೂ ಇದೇ ಕಾರಣಕ್ಕೆ: ಮೊದಲು ಒಳಗಿನ ಗಾಳಿ ಹೊರಗೆ ಹೋಗಬೇಕು. ಅಡುಗೆಮನೆಯಲ್ಲಿ ಆಕೆ ಮಾಡುವ ಕೆಲಸವನ್ನು ಇಲ್ಲಿ ವೆಂಟ್ ತಾನಾಗಿಯೇ ಮಾಡುತ್ತದೆ. ಹಲವು ವೆಂಟ್‌ಗಳ ಒಳಗೆ ತೆಳು ಹಿತ್ತಾಳೆಯ ಮುಚ್ಚಿದ ಡಬ್ಬಿಯೊಂದಿದ್ದು, ಅದರಲ್ಲಿ ಮದ್ಯಸಾರ ಬೆರೆತ ತುಸು ದ್ರವ ಇರುತ್ತದೆ. ಈ ದ್ರವ 100 ಡಿಗ್ರಿಗೆ ಮೊದಲೇ ಕುದಿಯುವಂಥದು. ಗಾಳಿಯೆಲ್ಲ ಹೊರಟು ಉಗಿ ಬಂದು ತಾಗಿದೊಡನೆ ಡಬ್ಬಿಯ ತಳ ಉಬ್ಬುತ್ತದೆ, ಡಬ್ಬಿ ಮೇಲೆದ್ದು ಅದರ ತುದಿಯ ಸೂಜಿ ರಂಧ್ರವನ್ನು ಮುಚ್ಚುತ್ತದೆ. ತಣ್ಣಗಾದರೆ ಸೂಜಿ ಕೆಳಗಿಳಿದು ಹೊರಗಿನ ಗಾಳಿ ಒಳಗೆ ಬರುತ್ತದೆ. ಹೀಗೆ ಚಳಿಗಾಲವಿಡೀ ಉಸಿರಾಟ.

ಈ ಮೂಗು ಕಟ್ಟಿಕೊಂಡರೆ ರೇಡಿಯೇಟರ್ ತಣ್ಣಗೇ ಉಳಿಯುತ್ತದೆ. ಪೈಪು ಮುಟ್ಟಲಾರದಷ್ಟು ಬಿಸಿ, ರೇಡಿಯೇಟರಿನ ಮೊದಲ ಒಂದೆರಡು ಕಂಬಗಳೂ ಬಿಸಿ, ಉಳಿದದ್ದೆಲ್ಲ ಕಲ್ಲಿನಂತೆ ತಣ್ಣಗೆ ಇದ್ದರೆ ಬಾಯ್ಲರನ್ನು ಬೈದು ಪ್ರಯೋಜನವಿಲ್ಲ. ತುಕ್ಕಿನ ಪುಡಿಯೋ ನೀರಿನ ಕಿಟ್ಟವೋ ರಂಧ್ರದಲ್ಲಿ ಸೇರಿರುತ್ತದೆ. ಇಲ್ಲವೆ ಕಟ್ಟಡದವರು ಬಣ್ಣ ಬಳಿಯುವ ಉತ್ಸಾಹದಲ್ಲಿ ವೆಂಟಿನ ಬಾಯಿಗೂ ಬಳಿದಿರುತ್ತಾರೆ. ಬಿಚ್ಚಿ ಒರೆಸಿದ ವೆಂಟನ್ನು ನೆಟ್ಟಗೆ ಹಿಡಿದು ಊದಿದರೆ ಗಾಳಿ ಸರಾಗವಾಗಿ ಹೋಗಬೇಕು. ತೇಲುವ ಡಬ್ಬಿಯ ಬಗೆಯದಾದರೆ, ತಲೆಕೆಳಗು ಮಾಡಿ ಊದಿದಾಗ ಹೋಗಬಾರದು. ಕಟ್ಟಿಕೊಂಡದ್ದನ್ನು ವಿನಿಗರ್‌ನಲ್ಲಿ ಅರ್ಧ ಗಂಟೆ ಕುದಿಸಿ ತೊಳೆದರೆ ಕೆಲವೊಮ್ಮೆ ಸರಿಹೋಗುತ್ತದೆ. ಹೋಗದಿದ್ದರೆ ಹೊಸದು ಹಾಕುವುದೇ ವಾಸಿ, ಅದೇನೂ ಭಾರಿ ಬೆಲೆಯ ಸಾಮಾನಲ್ಲ.

ಮುಚ್ಚದೇ ಇರುವ ಮೂಗು ಇದಕ್ಕಿಂತ ಕೆಟ್ಟದ್ದು. ರೇಡಿಯೇಟರ್ ಪೂರ್ತಿ ಬಿಸಿಯಾದ ಮೇಲೂ ವೆಂಟಿನಿಂದ ಉಗಿ ಹೊರಡುತ್ತಲೇ ಇರುತ್ತದೆ. ಗೋಡೆ ಒದ್ದೆಯಾಗಿ ಬಣ್ಣ ಸಿಪ್ಪೆ ಏಳುತ್ತದೆ, ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತದೆ. ಅತ್ತ ಬಾಯ್ಲರಿನ ನೀರು ಕಡಿಮೆಯಾಗುತ್ತ ಹೋಗುತ್ತದೆ. ಅದಕ್ಕೆ ಮತ್ತೆ ಮತ್ತೆ ಹೊಸ ನೀರು ತುಂಬಿದರೆ ಅದರೊಂದಿಗೆ ಬಂದ ಆಮ್ಲಜನಕ ಕಬ್ಬಿಣವನ್ನು ತಿನ್ನತೊಡಗುತ್ತದೆ.

ಇಂಥ ಹೊತ್ತಿನಲ್ಲಿ ಕೈಯಲ್ಲಿ ಇಕ್ಕಳ ಹಿಡಿದು ವೆಂಟ್ ತಿರುಗಿಸಲು ಹೋಗುವುದು ಅಪಾಯ. ಈ ಉಗಿಯ ಒತ್ತಡ ಚದರ ಅಂಗುಲಕ್ಕೆ 2 ಪೌಂಡ್ ಮೀರಬೇಕಾಗಿಲ್ಲ, ಮನೆಯ ಕುಕ್ಕರಿನಲ್ಲಿ ಇದರ ಏಳು ಪಟ್ಟು ಒತ್ತಡವಿರುತ್ತದೆ. ಆದರೆ ಕುಕ್ಕರಿನ ಉಗಿ ಒಂದೆರಡು ನಿಮಿಷಕ್ಕೆ ಮುಗಿಯುತ್ತದೆ. ಇಲ್ಲಿ ಬಾಯ್ಲರ್ ಉರಿಯುವಷ್ಟು ಹೊತ್ತೂ ಬರುತ್ತಲೇ ಇರುತ್ತದೆ, ಬಂದದ್ದು ಚರ್ಮದ ಮೇಲೆ ನೀರಾಗುವಾಗ ಆ 540 ಕ್ಯಾಲೊರಿಯನ್ನೂ ಅಲ್ಲೇ ಇಳಿಸುತ್ತದೆ. 2016ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ರೇಡಿಯೇಟರಿನಿಂದ ಕೋಣೆಯೊಳಗೆ ನುಗ್ಗಿದ ಉಗಿಗೆ ಸಿಕ್ಕಿ ಒಂದು ಮತ್ತು ಎರಡು ವರ್ಷದ ಇಬ್ಬರು ಸೋದರಿಯರು ಪ್ರಾಣ ಕಳೆದುಕೊಂಡರು. ವೆಂಟ್ ಬಿಚ್ಚುವುದು ಬಾಯ್ಲರ್ ಆರಿಸಿ ರೇಡಿಯೇಟರ್ ಪೂರ್ತಿ ತಣಿದ ಮೇಲೆ ಮಾತ್ರ. ರೇಡಿಯೇಟರಿನ ಬುಡದ ವಾಲ್ವ್ ತಿರುಗಿಸಿ ಮುಚ್ಚಿದೆ ಎಂದುಕೊಂಡರೂ ಸಾಲದು, ಹಳೆಯ ವಾಲ್ವ್‌ಗಳು ಒಳಗೇ ಸೋರುತ್ತಿರುತ್ತವೆ. ಬಾಡಿಗೆಯ ಹುಡುಗನಿಗೆ ಬಾಯ್ಲರಿನ ಬಳಿ ಹೋಗುವ ಹಕ್ಕೂ ಇರುವುದಿಲ್ಲ. ಆದ್ದರಿಂದ ರಿಪೇರಿ ಕಟ್ಟಡದವರ ಕೆಲಸ. ಮಂಚವನ್ನು, ಅದರಲ್ಲೂ ಮಗುವಿನ ತೊಟ್ಟಿಲನ್ನು, ರೇಡಿಯೇಟರಿನಿಂದ ದೂರ ಇಡುವುದು ಮಾತ್ರ ಮನೆಯವರ ಕೈಯಲ್ಲೇ ಇದೆ. ಸದ್ದು ತಡೆಯಲಾರದೆ ವೆಂಟಿನ ಬಾಯಿಗೆ ಟೇಪು ಸುತ್ತುವವರೂ ಇದ್ದಾರೆ. ಅದರಿಂದ ಸದ್ದಿನ ಜೊತೆಗೆ ಶಾಖವೂ ನಿಲ್ಲುತ್ತದೆ.

ವೆಂಟ್ ಪಿಚಕಾರಿಯಂತೆ ನೀರು ಉಗುಳಿದರೆ ತಪ್ಪು ವೆಂಟಿನದೇ ಎಂದು ತೀರ್ಮಾನಿಸುವಂತಿಲ್ಲ. ಒಂದೇ ಪೈಪಿನ ರೇಡಿಯೇಟರ್ ಪೈಪಿನ ಕಡೆಗೆ ತುಸು ವಾಲಿರಬೇಕು. ವರ್ಷಗಳಿಂದ ನೆಲ ಕುಸಿದು ಅದು ಎದುರು ದಿಕ್ಕಿಗೆ ವಾಲಿದ್ದರೆ ನೀರು ಹಿಂದಿರುಗದೆ ವೆಂಟಿನ ಬಳಿ ನಿಂತುಬಿಡುತ್ತದೆ. ಆ ಕಡೆಯ ಕಾಲಿಗೆ ಮರದ ತೆಳು ಚಕ್ಕೆ ಕೊಟ್ಟರೆ ಸಾಕು. ಇನ್ನೊಂದು ಕಾರಣ, ಸೆಕೆಯಾಯಿತೆಂದು ವಾಲ್ವನ್ನು ಅರ್ಧ ತಿರುಗಿಸಿಡುವುದು. ಆಗ ಒಳಬರುವ ಉಗಿ ಹೊರಹೋಗುವ ನೀರನ್ನು ತಡೆದು ನಿಲ್ಲಿಸುತ್ತದೆ. ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೆ ಪೂರ್ತಿ ಮುಚ್ಚಿರಬೇಕು. ನೀರಿನ ನಲ್ಲಿಯ ಅಭ್ಯಾಸವಿದ್ದವರಿಗೆ ಇದು ಬೇಗ ಹೊಳೆಯುವುದಿಲ್ಲ.

ಇನ್ನು ಗಂಟೆಗಟ್ಟಲೆ ಬುಸುಗುಟ್ಟಿಯೂ ಬಿಸಿಯಾಗದ ಆ ಕೋಣೆಯ ಸಂಗತಿ. ಹೊರಬರುತ್ತಿರುವುದು ಉಗಿಯೋ ಗಾಳಿಯೋ ಎಂಬುದನ್ನು ಮೊದಲು ನೋಡಬೇಕು. ಅದಕ್ಕೆ ಕೈ ಒಡ್ಡಬಾರದು, ಚಿಕ್ಕ ಕನ್ನಡಿಯೊಂದನ್ನು ದೂರದಿಂದ ಇಕ್ಕಳದಲ್ಲಿ ಹಿಡಿದರಾಯಿತು. ಕನ್ನಡಿ ಮಸುಕಾಗದಿದ್ದರೆ ಬರುತ್ತಿರುವುದು ಒಣ ಗಾಳಿ, ವೆಂಟ್ ಪ್ರಾಮಾಣಿಕವಾಗಿ ದುಡಿಯುತ್ತಿದೆ ಎಂದರ್ಥ. ಕಟ್ಟಡದ ದೊಡ್ಡ ಪೈಪಿನ ಗಾಳಿಯನ್ನೆಲ್ಲ ಹೊರಗೆ ಬಿಡಲು ನೆಲಮಾಳಿಗೆಯಲ್ಲಿ ಪೈಪಿನ ಕೊನೆಗೆ ಬೇರೆಯೇ ಒಂದು ದೊಡ್ಡ ವೆಂಟ್ ಇರುತ್ತದೆ. ಅದು ಕೆಟ್ಟರೆ ಅಷ್ಟೂ ಗಾಳಿ ಕೋಣೆಗಳ ಸಣ್ಣ ಮೂಗುಗಳಿಂದಲೇ ಹೊರಡಬೇಕಾಗುತ್ತದೆ. ಬಾಯ್ಲರಿಗೆ ಹತ್ತಿರದವರು ಬೆವರುತ್ತಾರೆ, ದೂರದವರ ಸರದಿ ಬರುವಷ್ಟರಲ್ಲಿ ಬಾಯ್ಲರ್ ಆರಿರುತ್ತದೆ. ಆದ್ದರಿಂದ ಮಾಲೀಕರಿಗೆ ಚೀಟಿ ಬರೆಯುವಾಗ "ಕೋಣೆ ತಣ್ಣಗಿದೆ" ಎನ್ನುವುದಕ್ಕಿಂತ "ವೆಂಟ್ ಬಹಳ ಹೊತ್ತು ಗಾಳಿ ಬಿಡುತ್ತಿದೆ, ನೆಲಮಾಳಿಗೆಯ ದೊಡ್ಡ ವೆಂಟ್ ನೋಡಿ" ಎಂದರೆ ಕೆಲಸ ಬೇಗ ಆಗುತ್ತದೆ. ನ್ಯೂಯಾರ್ಕ್ ನಗರದ ಕಾಯಿದೆಯ ಪ್ರಕಾರ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ, ಹಗಲು ಮನೆಯೊಳಗೆ ಕನಿಷ್ಠ 68 ಡಿಗ್ರಿ, ಅಂದರೆ 20 ಡಿಗ್ರಿ ಸೆಲ್ಸಿಯಸ್, ಇರಲೇಬೇಕು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಹೊರಗೆ ಎಷ್ಟೇ ಇರಲಿ, ಒಳಗೆ 62 ಡಿಗ್ರಿ ಫ್ಯಾರನ್‌ಹೀಟ್. ಮಾಲೀಕರು ಕಿವಿಗೊಡದಿದ್ದರೆ 311ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಕೋಣೆಯಲ್ಲೊಂದು ಥರ್ಮಾಮೀಟರ್ ತೂಗುಹಾಕಿ ದಿನ, ಹೊತ್ತು, ಉಷ್ಣತೆ ಬರೆದಿಟ್ಟುಕೊಂಡಿದ್ದರೆ ಆ ದೂರಿಗೆ ತೂಕ ಬರುತ್ತದೆ.